ಹಾಡು ಕಟ್ಟಿದವರ ಹಕ್ಕು

(ಗಿಲ್ಲೆಸುಗೂರಿನಲ್ಲಿ ಹಿಪ್-ಹಾಪ್ ಹಾಡುವ ತರುಣರ ಹಾಗೂ ಅವರ ಮನೆಯ ಹಿರಿಯರ ಸಭೆಯಲ್ಲಿ ಮಾಡಿದ ಭಾಷಣ)



ಹಿಪ್-ಹಾಪ್ ಎಂಬ ಹಾಡಿನ ವಿಷಯವಾಗಿ ಮಾತನಾಡಲು ನಮ್ಮನ್ನು ಕರೆದಿದ್ದೀರಿ. ಜಿನ್ನಿಂಗ್ ಮಿಲ್ಲಿನಲ್ಲಿ ದುಡಿಯುವವರು, ಅಕ್ಕಿ ಗಿರಣಿಯಲ್ಲಿ ಹಮಾಲಿ ಮಾಡುವವರು, ಕಿರಾಣಿ ಅಂಗಡಿ ಇಟ್ಟುಕೊಂಡವರು ಕುಳಿತಿರುವ ಸಭೆಗೆ ಈ ವಿಷಯ ಏತಕ್ಕೆ ಎಂದು ಹಿರಿಯರಲ್ಲಿ ಕೆಲವರಿಗೆ ಅನ್ನಿಸಿರಬಹುದು. ಅನ್ನಿಸುವುದು ಸಹಜ. ಮಗ ಪಾಳಿ ಮುಗಿಸಿ ಬಂದು ಕೋಣೆಯ ಬಾಗಿಲು ಹಾಕಿಕೊಳ್ಳುತ್ತಾನೆ. ಸದ್ದು ಬೀಳಬಾರದೆಂದು ಈ ರಾಯಚೂರ ಬಿಸಿಲಿನಲ್ಲಿಯೂ ಫ್ಯಾನು ನಿಲ್ಲಿಸುತ್ತಾನೆ. ಬೆವರು ಸುರಿಸುತ್ತ ಒಂದೇ ಸಾಲನ್ನು ಇಪ್ಪತ್ತು ಸಲ ಹೇಳುತ್ತಾನೆ. ಕೂಡಿಟ್ಟ ಪಗಾರದಲ್ಲಿ ಮೈಕು ಕೊಂಡಿದ್ದಾನೆ. ಇದು ಹುಚ್ಚು ಎನ್ನುತ್ತಾನೆ ತಂದೆ. ಇದೇ ನನ್ನ ಬದುಕು ಎನ್ನುತ್ತಾನೆ ಮಗ.

ಇಬ್ಬರಿಗೂ ನಾವು ಹೇಳುವ ಮಾತು ಒಂದೇ. ಹಾಡು ಕಟ್ಟುವುದು ದುಡಿಮೆ. ದುಡಿಮೆ ಎಂದ ಮೇಲೆ ಅದರ ಫಲ ಯಾರ ಕೈ ಸೇರುತ್ತದೆ ಎಂಬ ಪ್ರಶ್ನೆ ಗಿರಣಿಯಲ್ಲಿ ಎಷ್ಟು ಮುಖ್ಯವೋ ಈ ಕೋಣೆಯಲ್ಲಿಯೂ ಅಷ್ಟೇ ಮುಖ್ಯ. ಇಂದಿನ ಮಾತೆಲ್ಲ ಈ ಪ್ರಶ್ನೆಯನ್ನು ಕುರಿತದ್ದು.

ಈ ಹಾಡು ಹುಟ್ಟಿದ್ದು ಅರಮನೆಯಲ್ಲಲ್ಲ. ಅಮೆರಿಕದ ನ್ಯೂಯಾರ್ಕ್ ನಗರದಲ್ಲಿ ಬ್ರಾಂಕ್ಸ್ ಎಂಬ ಭಾಗವಿದೆ. ಕರಿಯ ಜನರೂ ದ್ವೀಪಗಳಿಂದ ಬಂದ ಬಡವರೂ ನೆಲೆಸಿದ್ದ ಜಾಗ. 1970ರ ದಶಕದಲ್ಲಿ ಅಲ್ಲಿ ಕೆಲಸವಿರಲಿಲ್ಲ, ಮನೆಗಳು ಬೆಂಕಿಗೆ ಬಿದ್ದು ಓಣಿಗೆ ಓಣಿಯೇ ಪಾಳುಬಿದ್ದಿದ್ದವು. 1973ರ ಆಗಸ್ಟ್ 11ರಂದು ಆ ಭಾಗದ ಸೆಡ್ಜ್‌ವಿಕ್ ಅವೆನ್ಯೂದ 1520ನೆಯ ನಂಬರಿನ ಬಾಡಿಗೆ ವಠಾರದಲ್ಲಿ ಒಂದು ಹುಡುಗಿ, ಶಾಲೆ ಮರಳಿ ತೆರೆಯುವ ಮುನ್ನ, ಬಟ್ಟೆಬರೆಗೆ ಹಣ ಕೂಡಿಸಲು ಕೂಟವೊಂದನ್ನು ಏರ್ಪಡಿಸಿದಳು. ಅವಳ ಅಣ್ಣ ಕ್ಲೈವ್ ಕ್ಯಾಂಪ್‌ಬೆಲ್, ಜಮೈಕಾದಿಂದ ವಲಸೆ ಬಂದ ಕುಟುಂಬದವನು, ಎರಡು ಗ್ರಾಮೊಫೋನ್ ತಿರುಗಣೆ ಇಟ್ಟುಕೊಂಡು ಹಾಡು ಹಾಕಿದ. ಹಾಡಿನಲ್ಲಿ ಬರೀ ತಾಳವಾದ್ಯ ಬರುವ ತುಣುಕಿಗೆ ಜನ ಹೆಚ್ಚು ಕುಣಿಯುತ್ತಾರೆಂದು ಕಂಡು, ಮುಂದೆ ಆ ತುಣುಕನ್ನೇ ಒಂದು ತಟ್ಟೆಯಿಂದ ಇನ್ನೊಂದಕ್ಕೆ ದಾಟಿಸಿ ದಾಟಿಸಿ ಉದ್ದ ಮಾಡುವ ಹಿಕಮತ್ತನ್ನು ಕಂಡುಕೊಂಡ. ಆ ಪೆಟ್ಟಿನ ಮೇಲೆ ಮಾತು ಪೋಣಿಸಿ ಹೇಳಿದ್ದೇ ರ್‍ಯಾಪ್. ವಾದ್ಯ ಕೊಳ್ಳಲು ಹಣವಿಲ್ಲದವರು ಹಳೆಯ ತಟ್ಟೆಗಳನ್ನೇ ವಾದ್ಯ ಮಾಡಿಕೊಂಡರು.

ಆರು ವರ್ಷದ ಬಳಿಕ, 1979ರಲ್ಲಿ, ಈ ಬಗೆಯ ಹಾಡಿನ ಮೊದಲ ದೊಡ್ಡ ರೆಕಾರ್ಡು ಮಾರಾಟಕ್ಕೆ ಬಂತು. ಹೆಸರು ‘ರ್‍ಯಾಪರ್ಸ್ ಡಿಲೈಟ್’. ಆದರೆ ಅದನ್ನು ಹಾಡಿದವರು ಆರು ವರ್ಷ ಓಣಿಯಲ್ಲಿ ಬೆವರು ಸುರಿಸಿದವರಲ್ಲ. ಒಂದು ಕಂಪನಿ ಹೊಸದಾಗಿ ಕೂಡಿಸಿದ ಮೂವರು. ಅದರಲ್ಲಿನ ಸಾಲುಗಳಲ್ಲಿ ಒಂದು ಪಾಲು ತನ್ನ ನೋಟುಬುಕ್ಕಿನವು, ತನಗೆ ಹೆಸರೂ ಬರಲಿಲ್ಲ ಹಣವೂ ಬರಲಿಲ್ಲ ಎಂದು ಬ್ರಾಂಕ್ಸಿನ ಗ್ರ್ಯಾಂಡ್‌ಮಾಸ್ಟರ್ ಕ್ಯಾಜ್ ಎಂಬ ಹಾಡುಗಾರ ಹಲವು ಸಲ ಹೇಳಿದ್ದಾನೆ. ಅದೇ ರೆಕಾರ್ಡಿನ ವಾದ್ಯದ ಭಾಗ ‘ಶಿಕ್’ ಎಂಬ ತಂಡದ ಹಾಡಿನಿಂದ ತೆಗೆದದ್ದು. ಆ ತಂಡದವರು ಅನುಭವಸ್ಥರು, ಕಾಯಿದೆ ಬಲ್ಲವರು. ನ್ಯಾಯಾಲಯಕ್ಕೆ ಹೋಗುತ್ತೇವೆಂದು ಎಚ್ಚರಿಸಿದ ಕೂಡಲೆ ಅವರ ಹೆಸರು ಸೇರಿತು, ಪಾಲೂ ಸಿಕ್ಕಿತು. ಒಂದೇ ಹಾಡು, ಇಬ್ಬರ ದುಡಿಮೆ. ಕಾಗದ ಬಲ್ಲವನಿಗೆ ಪಾಲು, ಬಲ್ಲದವನಿಗೆ ಬರೀ ನೆನಪು.

ಇದು ಪರದೇಶದ ಹಾಡಲ್ಲವೇ, ನಮ್ಮ ನೆಲಕ್ಕೆ ಒಗ್ಗುತ್ತದೆಯೇ ಎಂದು ಕೇಳುವವರುಂಟು. ಗಜಲು ಕೂಡ ನಮ್ಮದಾಗಿರಲಿಲ್ಲ. ಉರ್ದುವಿನ ಆ ಕಟ್ಟನ್ನು ಕನ್ನಡಕ್ಕೆ ತಂದವರಲ್ಲಿ ಮೊದಲಿಗರು ಇದೇ ರಾಯಚೂರು ಸೀಮೆಯ ಹೆಂಬೆರಾಳಿನ ಶಾಂತರಸರು. ಇಂದು ಕನ್ನಡದಲ್ಲಿ ಗಜಲು ಬರೆಯುವವರನ್ನು ಯಾರೂ ಪರದೇಶಿ ಎನ್ನುವುದಿಲ್ಲ. ಅಷ್ಟೇ ಅಲ್ಲ, ಪೆಟ್ಟಿನ ಮೇಲೆ ಮಾತು ಪೋಣಿಸುವುದೂ, ಎದುರಾಳಿಗೆ ಹಾಡಿನಲ್ಲಿಯೇ ಸವಾಲು ಹಾಕುವುದೂ ನಮಗೆ ಹೊಸದಲ್ಲ. ಹರದೇಶಿ-ನಾಗೇಶಿ ಮೇಳಗಳು ಗೀಗೀ ಪದದಲ್ಲಿ ಬೆಳತನಕ ಸವಾಲು-ಜವಾಬು ನಡೆಸುತ್ತಿದ್ದುವು. ಮೊಹರಮ್ಮಿನಲ್ಲಿ ರಿವಾಯತ್ ಪದಗಳಿದ್ದುವು. ಡೊಳ್ಳಿನ ಪದ, ಹಲಗೆಯ ಪೆಟ್ಟು, ಮದುವೆಯ ಒಡಪು ಇವೆಲ್ಲ ಇದ್ದುವು. ನ್ಯೂಯಾರ್ಕಿನ ಹುಡುಗರು ಇದನ್ನು ‘ಬ್ಯಾಟಲ್’ ಎಂದು ಕರೆದರೆ ನಮ್ಮ ಅಜ್ಜಂದಿರು ಸವಾಲು ಎಂದು ಕರೆದರು.

ಮಗನ ಹಾಡನ್ನು ಕೀಳೆಂದು ಕಾಣುವ ಹಿರಿಯರಿಗೆ ಈ ನೆಲದ ಕಥೆಯೊಂದನ್ನು ನೆನಪಿಸುತ್ತೇವೆ. ಮಾನ್ವಿ ತಾಲ್ಲೂಕಿನ ಚೀಕಲಪರ್ವಿಯಲ್ಲಿ ವಿಜಯದಾಸರು, ದೇವದುರ್ಗ ತಾಲ್ಲೂಕಿನ ಮೊಸರಕಲ್ಲಿನಲ್ಲಿ ಗೋಪಾಲದಾಸರು, ಮಾನ್ವಿಯಲ್ಲಿ ಜಗನ್ನಾಥದಾಸರು. 18ನೆಯ ಶತಮಾನದಲ್ಲಿ ಇವರು ಜನರ ಮಾತಿನಲ್ಲಿ ಹಾಡು ಕಟ್ಟಿ, ತಂಬೂರಿ ಹಿಡಿದು, ಊರೂರು ತಿರುಗಿ ಹಾಡಿದರು. ಜಗನ್ನಾಥದಾಸರು ಮೊದಲು ಸಂಸ್ಕೃತ ಪಂಡಿತರು. ಕನ್ನಡದ ಹಾಡನ್ನೂ ಹಾಡುವವರನ್ನೂ ಹಗುರವಾಗಿ ಕಂಡಿದ್ದರೆಂದು ಸಂಪ್ರದಾಯ ಹೇಳುತ್ತದೆ. ಅದೇ ಪಂಡಿತರು ಮುಂದೆ ಕನ್ನಡದಲ್ಲಿ ಹರಿಕಥಾಮೃತಸಾರವನ್ನು ಬರೆದರು. ಭಕ್ತಿಯ ಮಾತು ಹಾಗಿರಲಿ, ಈ ಮೂವರಿಂದ ನಾವು ಕಲಿಯಬೇಕಾದ ಇನ್ನೊಂದು ಪಾಠವಿದೆ. ಹಾಡಿನ ಕೊನೆಯಲ್ಲಿ ಅವರು ತಮ್ಮ ಅಂಕಿತ ಇಟ್ಟರು: ವಿಜಯ ವಿಠಲ, ಗೋಪಾಲ ವಿಠಲ, ಜಗನ್ನಾಥ ವಿಠಲ. ಆದುದರಿಂದಲೇ ಎರಡೂವರೆ ನೂರು ವರ್ಷವಾದರೂ ಯಾವ ಹಾಡು ಯಾರದು ಎಂಬುದು ನಮಗೆ ಗೊತ್ತು.

ಆದರೆ ಬೀಸುವ ಕಲ್ಲಿನ ಮುಂದೆ ಕುಳಿತು ನಸುಕಿನಲ್ಲಿ ಹಾಡು ಕಟ್ಟಿದ ಹೆಣ್ಣುಮಕ್ಕಳ ಹೆಸರು ಯಾರಿಗೆ ಗೊತ್ತು? ಅವರ ಸಾಲುಗಳು ಪುಸ್ತಕಗಳಲ್ಲಿವೆ, ಸಿನಿಮಾಗಳಲ್ಲಿವೆ, ಕ್ಯಾಸೆಟ್ಟುಗಳಲ್ಲಿ ಮಾರಾಟವಾಗಿವೆ. ಕಟ್ಟಿದವಳಿಗೆ ಹೆಸರೂ ಇಲ್ಲ, ಕಾಸೂ ಇಲ್ಲ. ಅಂಕಿತವಿಲ್ಲದ ದುಡಿಮೆಯ ಗತಿ ಇದು.

ಇನ್ನು ಇಂದಿನ ಮಾತಿಗೆ ಬರೋಣ. ಹಿಂದೆ ಹಾಡನ್ನು ಮುದ್ರಿಸುವುದೆಂದರೆ ಕಂಪನಿಯ ಬಾಗಿಲು ಕಾಯಬೇಕಿತ್ತು. ಕಲ್ಕತ್ತೆಯ ಡಮ್‌ಡಮ್‌ನಲ್ಲಿ ಗ್ರಾಮೊಫೋನ್ ಕಂಪನಿಯ ಕಾರ್ಖಾನೆಯಿತ್ತು. ಯಾರ ಕಂಠ ತಟ್ಟೆಗೆ ಬರಬೇಕು, ಯಾರದು ಬರಬಾರದು ಎಂದು ನಿರ್ಧರಿಸುವವರು ದೂರದಲ್ಲಿದ್ದರು. 1980ರ ದಶಕದಲ್ಲಿ ಕ್ಯಾಸೆಟ್ಟು ಬಂದು ಆ ಏಕಸ್ವಾಮ್ಯ ಸಡಿಲಾಯಿತು. 2016ರ ಸೆಪ್ಟೆಂಬರಿನಿಂದ ಮೊಬೈಲಿನ ಡೇಟಾ ಅಗ್ಗವಾದ ಮೇಲೆ ಹಾಡು ಹಂಚುವ ಖರ್ಚೂ ಇಳಿಯಿತು. ಮುಂಬಯಿಯ ಕುರ್ಲಾದ ನೇಜಿ ಎಂಬ ತರುಣ 2014ರಲ್ಲಿ ತನ್ನ ‘ಆಫತ್’ ಹಾಡನ್ನು ಸಿದ್ಧಮಾಡಿದ್ದು ಒಂದು ಐಪ್ಯಾಡಿನಲ್ಲಿ. ಅವನಂಥ ಹುಡುಗರ ಬದುಕಿನಿಂದಲೇ 2019ರಲ್ಲಿ ‘ಗಲ್ಲಿ ಬಾಯ್’ ಎಂಬ ಹಿಂದೀ ಚಿತ್ರ ಬಂತು. ಬೆಂಗಳೂರಿನಲ್ಲಿ ಆಲ್ ಓಕೆ, ಚಂದನ್ ಶೆಟ್ಟಿ, ರಾಹುಲ್ ಡಿಟ್-ಓ, ಎಂ.ಸಿ. ಬಿಜ್ಜು ಮೊದಲಾದವರು ಕನ್ನಡದಲ್ಲಿ ರ್‍ಯಾಪ್ ಹಾಡಿ, ಸಿನಿಮಾದ ಹೊರಗೂ ಕೇಳುಗರಿದ್ದಾರೆಂದು ತೋರಿಸಿದರು. ಬಾಳು ಬೆಳಗುಂದಿ, ಮಾಳು ನಿಪನಾಳ ಇಂಥವರ ಜಾನಪದ ಹಾಡುಗಳು ಯೂಟ್ಯೂಬಿನಿಂದ ಟ್ರ್ಯಾಕ್ಟರಿಗೂ ಮದುವೆಯ ಚಪ್ಪರಕ್ಕೂ ನಡೆದು ಬಂದುವು. ದಾರಿ ಇಲ್ಲ ಎಂದು ಹೇಳುವ ಕಾಲ ಹೋಯಿತು.

ಮನೆಯ ಸ್ಟುಡಿಯೋ ಎಂದರೇನು ಎಂಬುದನ್ನು ಹಿರಿಯರಿಗೆ ತಿಳಿಸೋಣ. ಒಂದು ಮೈಕು, ಮೈಕಿನ ದನಿಯನ್ನು ಕಂಪ್ಯೂಟರಿಗೆ ಒಯ್ಯುವ ಒಂದು ಸಣ್ಣ ಪೆಟ್ಟಿಗೆ, ಕಂಪ್ಯೂಟರು, ಕಿವಿಗೆ ಹಾಕುವ ಹೆಡ್‌ಫೋನು. ಯಂತ್ರವು ದನಿಯನ್ನು ಸೆಕೆಂಡಿಗೆ 44,100 ಸಲ ಅಳೆದು ಅಂಕಿಗಳಾಗಿ ಬರೆದಿಡುತ್ತದೆ. ಆಡಾಸಿಟಿ, ಬ್ಯಾಂಡ್‌ಲ್ಯಾಬ್ ಮುಂತಾದ ಪುಕ್ಕಟೆ ಸಾಫ್ಟ್‌ವೇರಿನಿಂದಲೇ ಕೆಲಸ ಆರಂಭಿಸಬಹುದು. ಗೋಡೆಗೆ ಬಡಿದು ದನಿ ಮರಳದಂತೆ ತಡೆಯಲು ದೊಡ್ಡ ಸ್ಟುಡಿಯೋದವರು ಬೆಲೆಬಾಳುವ ಹಲಗೆಗಳನ್ನು ಹಾಕಿಸುತ್ತಾರೆ. ನಮಗೆ ಅದು ಬೇಡ. ಹತ್ತಿಯ ನಾಡಿದು, ಗೋಡೆಗೆ ಹತ್ತಿಯ ಗಾದಿ ಒರಗಿಸಿ, ಬಾಗಿಲಿಗೆ ಅವ್ವ ಹೊಲಿದ ಕೌದಿ ಇಳಿಬಿಟ್ಟರೆ ಕೆಲಸವಾಗುತ್ತದೆ. ಮಂತ್ರಾಲಯದ ರಸ್ತೆಯ ಬಸ್ಸಿನ ಹಾರ್ನು ನಿಂತ ಮೇಲೆ, ನಡುರಾತ್ರಿ, ಮೈಕು ಹಚ್ಚಬೇಕು, ಅಷ್ಟೇ.

ಕೆಲಸ ಮಾತ್ರ ಹಗುರವಲ್ಲ. ನಿಮಿಷಕ್ಕೆ 90 ಪೆಟ್ಟಿನ ತಾಳ ಎಂದಿಟ್ಟುಕೊಳ್ಳಿ. ನಾಲ್ಕು ಪೆಟ್ಟಿಗೆ ಒಂದು ಸಾಲು, ಹದಿನಾರು ಸಾಲಿಗೆ ಒಂದು ಚರಣ. ಒಂದು ಚರಣ ಮುಗಿಯಲು ಸುಮಾರು 43 ಸೆಕೆಂಡು. ಆ 43 ಸೆಕೆಂಡಿನಲ್ಲಿ ಪ್ರಾಸ ತಪ್ಪಬಾರದು, ಉಸಿರು ತಪ್ಪಬಾರದು, ಅರ್ಥ ತಪ್ಪಬಾರದು. ಆಮೇಲೆ ದನಿಗಳನ್ನು ಹದವಾಗಿ ಬೆರೆಸಬೇಕು, ಫೋನಿನಲ್ಲಿಯೂ ಟ್ರ್ಯಾಕ್ಟರಿನ ಸ್ಪೀಕರಿನಲ್ಲಿಯೂ ಸಮನಾಗಿ ಕೇಳುವಂತೆ ತಿದ್ದಬೇಕು. ಎಂಟು ಹಾಡಿನ ಒಂದು ಆಲ್ಬಮ್ಮಿಗೆ ತಿಂಗಳುಗಟ್ಟಲೆ ರಾತ್ರಿಗಳು ಬೇಕು. ಇದನ್ನು ಹುಡುಗಾಟ ಎನ್ನುವವರು ಒಂದು ರಾತ್ರಿ ಆ ಕೋಣೆಯಲ್ಲಿ ಕುಳಿತು ನೋಡಲಿ.

ಇಷ್ಟು ಹೇಳಿ, ಯಂತ್ರ ಮನೆಗೆ ಬಂತು, ಇನ್ನು ಸ್ವಾತಂತ್ರ್ಯ ಬಂತು ಎಂದು ಚಪ್ಪಾಳೆ ತಟ್ಟಿಸಿಕೊಂಡು ಹೋಗಬಹುದು. ಅದು ಸುಳ್ಳಾದೀತು. ಇಳಕಲ್ಲಿಗೆ, ಗುಳೇದಗುಡ್ಡಕ್ಕೆ ಹೋಗಿ ನೋಡಿ. ನೇಕಾರನ ಮನೆಯೊಳಗೇ ಮಗ್ಗವಿದೆ. ಆದರೆ ನೂಲು ಸಾಹುಕಾರನಿಂದ ಬರಬೇಕು, ಸೀರೆ ಸಾಹುಕಾರನ ಅಂಗಡಿಗೆ ಹೋಗಬೇಕು. ಮಗ್ಗ ಮನೆಯಲ್ಲಿದ್ದ ಮಾತ್ರಕ್ಕೆ ನೇಕಾರ ಒಡೆಯನಾಗಲಿಲ್ಲ. ಮನೆಯ ಸ್ಟುಡಿಯೋ ಹೊಸ ಕಾಲದ ಕೈಮಗ್ಗ. ಮಾರುಕಟ್ಟೆ ಇನ್ನೂ ಮನೆಯ ಹೊರಗೇ ಇದೆ.

ಆ ಮಾರುಕಟ್ಟೆಯ ಲೆಕ್ಕವನ್ನು ವ್ಯಾಪಾರಸ್ಥ ಮಿತ್ರರು ಕೇಳಬೇಕು. ಯೂಟ್ಯೂಬಿನಲ್ಲಿ ಜಾಹೀರಾತಿನ ಪಾಲು ಬೇಕಾದರೆ ಮೊದಲು 1,000 ಚಂದಾದಾರರು ಆಗಬೇಕು. ಜೊತೆಗೆ ಹನ್ನೆರಡು ತಿಂಗಳಲ್ಲಿ ಜನ ನಿಮ್ಮ ಹಾಡನ್ನು 4,000 ಗಂಟೆ ನೋಡಿರಬೇಕು, ಇಲ್ಲವೇ ಕಿರು ವಿಡಿಯೋಗಳನ್ನು 90 ದಿನದಲ್ಲಿ ಒಂದು ಕೋಟಿ ಸಲ ನೋಡಿರಬೇಕು. ಮೂರು ನಿಮಿಷದ ಹಾಡಾದರೆ 4,000 ಗಂಟೆ ಎಂದರೆ 80,000 ಸಲ, ಅದೂ ಕೊನೆಯವರೆಗೆ. ಅಲ್ಲಿಯತನಕ ಬರುವ ಜಾಹೀರಾತಿನಲ್ಲಿ ನಿಮಗೆ ಪೈಸೆಯೂ ಇಲ್ಲ. ಅರ್ಹತೆ ಬಂದ ಮೇಲೆ ದೊಡ್ಡ ವಿಡಿಯೋದ ಜಾಹೀರಾತಿನ ಆದಾಯದಲ್ಲಿ ನೂರಕ್ಕೆ 55 ನಿಮಗೆ, 45 ಅವರಿಗೆ. ಸ್ಪಾಟಿಫೈ ಎಂಬ ಇನ್ನೊಂದು ಅಂಗಡಿ 2024ರಿಂದ, ಹನ್ನೆರಡು ತಿಂಗಳಲ್ಲಿ 1,000 ಸಲ ಕೇಳದ ಹಾಡಿಗೆ ಹಣ ಲೆಕ್ಕಹಾಕುವುದನ್ನೇ ನಿಲ್ಲಿಸಿತು. ಈ ಯಾವ ನಿಯಮವನ್ನೂ ಹಾಡುವವರನ್ನು ಕೇಳಿ ಮಾಡಿದ್ದಲ್ಲ. ಆದುದರಿಂದ ಕೆಲಸ ಬಿಟ್ಟು ಹಾಡಿಗೆ ಕೂಡುತ್ತೇನೆ ಎನ್ನುವ ತಮ್ಮಂದಿರು ಈ ಲೆಕ್ಕ ಹಾಕಿಕೊಂಡು ಕೂಡಬೇಕು.

ಜನ ಕೇಳಿದರೆ ಸಾಕು, ಹಣ ತಾನಾಗಿ ಬರುತ್ತದೆ ಎನ್ನುವುದೂ ಭ್ರಮೆ. ತಮಿಳಿನಲ್ಲಿ 2021ರ ಮಾರ್ಚಿನಲ್ಲಿ ‘ಎಂಜಾಯ್ ಎಂಜಾಮಿ’ ಎಂಬ ಹಾಡು ಬಂತು. ಅರಿವು ಎಂಬ ದಲಿತ ತರುಣ, ಸಿಂಹಳದ ಚಹಾತೋಟದಲ್ಲಿ ದುಡಿದ ತನ್ನ ಅಜ್ಜಿಯ ತಲೆಮಾರಿನ ನೆನಪಿನಿಂದ ಬರೆದ ಹಾಡು. ಧೀ ಎಂಬ ಗಾಯಕಿಯೊಂದಿಗೆ ಹಾಡಿದ್ದು. ಕೋಟಿಗಟ್ಟಲೆ ಜನ ಕೇಳಿದರು. ಮೂರು ವರ್ಷವಾದರೂ ಅದರ ಆದಾಯದಲ್ಲಿ ಒಂದು ಪೈಸೆಯೂ ಕಲಾವಿದರ ಕೈಗೆ ಬಂದಿಲ್ಲವೆಂದು ಅದರ ಸಂಯೋಜಕ ಸಂತೋಷ್ ನಾರಾಯಣನ್ 2024ರ ಮಾರ್ಚಿನಲ್ಲಿ ಬಹಿರಂಗವಾಗಿ ಹೇಳಿದರು. ಹೆಸರುವಾಸಿಯಾದ ಸಿನಿಮಾ ಸಂಗೀತಗಾರನ ಮಾತೇ ಹೀಗಿರುವಾಗ ನಮ್ಮ ಹೋಬಳಿಯ ಹುಡುಗರ ಪಾಡೇನು?

ಈಗ ಕಾಯಿದೆಯ ಮಾತು. ದಯವಿಟ್ಟು ಗಮನವಿಟ್ಟು ಕೇಳಿ. ಮನೆಗೆ ಒಯ್ಯಬೇಕಾದ ಗಂಟು ಇದೇ.

ನಮ್ಮ ದೇಶದಲ್ಲಿ 1957ರ ಕೃತಿಸ್ವಾಮ್ಯ ಕಾಯಿದೆ ಇದೆ. ಅದರ ಪ್ರಕಾರ ಒಂದು ಹಾಡಿನೊಳಗೆ ಮೂರು ಆಸ್ತಿಗಳಿವೆ. ಬರೆದ ಮಾತು ಒಂದು, ಸಂಗೀತ ಇನ್ನೊಂದು, ಮುದ್ರಿಸಿದ ದನಿ ಮೂರನೆಯದು. ಮಾತು ಬರೆದವನದು, ಸಂಗೀತ ಕಟ್ಟಿದವನದು, ಮುದ್ರಿತ ದನಿ ಅದನ್ನು ಮಾಡಿಸಿದ ನಿರ್ಮಾಪಕನದು. ನೀವೇ ನಿಮ್ಮ ಖರ್ಚಿನಲ್ಲಿ ನಿಮ್ಮ ಮನೆಯಲ್ಲಿ ಮುದ್ರಿಸಿದರೆ ನಿರ್ಮಾಪಕರೂ ನೀವೇ. ಮೂರೂ ಆಸ್ತಿ ನಿಮ್ಮ ಕೈಯಲ್ಲಿರುವುದೇ ಮನೆಯ ಸ್ಟುಡಿಯೋದ ನಿಜವಾದ ಬೆಲೆ. ಇದರ ಮೇಲೆ ಹಾಡಿದವನಿಗೆ ಕಲಾವಿದನ ಹಕ್ಕು ಬೇರೆ ಉಂಟು. ಹಕ್ಕು ಹುಟ್ಟಲು ನೋಂದಣಿ ಕಡ್ಡಾಯವಲ್ಲ. ಆದರೆ ಬರೆದ ತಾರೀಖು, ಮೊದಲ ಪ್ರತಿ, ಕಡತ ಇವನ್ನು ಜೋಪಾನವಾಗಿಡಬೇಕು. ವಾದ ಬಿದ್ದಾಗ ಅವೇ ಸಾಕ್ಷಿ.

ಹಕ್ಕನ್ನು ಇನ್ನೊಬ್ಬರಿಗೆ ವಹಿಸಿಕೊಡುವುದು ಬರವಣಿಗೆಯಲ್ಲಿ, ಸಹಿಯೊಂದಿಗೆ ಮಾತ್ರ ಸಾಧ್ಯ. ಬಾಯಿಮಾತಿನ ವಹಿವಾಟು ನಡೆಯದು. ಕಾಗದದಲ್ಲಿ ಅವಧಿ ಬರೆಯದಿದ್ದರೆ ಐದು ವರ್ಷ ಎಂದೇ ಅರ್ಥ. ಎಲ್ಲೆಲ್ಲಿಗೆ ಎಂದು ಬರೆಯದಿದ್ದರೆ ಭಾರತಕ್ಕೆ ಮಾತ್ರ. ತೆಗೆದುಕೊಂಡವನು ಒಂದು ವರ್ಷದೊಳಗೆ ಬಳಸದಿದ್ದರೆ, ಕಾಗದದಲ್ಲಿ ಬೇರೆ ಮಾತಿಲ್ಲದಿದ್ದರೆ, ಹಕ್ಕು ಬಿದ್ದುಹೋಗುತ್ತದೆ. 2012ರ ತಿದ್ದುಪಡಿ ಇನ್ನೂ ದೊಡ್ಡದು. ಮಾತು ಬರೆದವನೂ ಸಂಗೀತ ಕಟ್ಟಿದವನೂ ತಮ್ಮ ಹಕ್ಕನ್ನು ಕಂಪನಿಗೆ ವಹಿಸಿದರೂ, ಮುಂದೆ ಆ ಹಾಡಿನ ಬಳಕೆಯಿಂದ ಬರುವ ಗೌರವಧನದ ಸಮಪಾಲು ಅವರಿಗೆ ಸಲ್ಲಬೇಕು. ಆ ಪಾಲನ್ನು ಕಂಪನಿಗೆ ಬಿಟ್ಟುಕೊಡುವ ಕರಾರು ಊರ್ಜಿತವಲ್ಲ. ಹತ್ತು ಸಾವಿರ ರೂಪಾಯಿ ಕೈಗಿಟ್ಟು, ‘ಇಲ್ಲೊಂದು ಸಹಿ ಹಾಕಪ್ಪಾ’ ಎಂದು ಯಾರಾದರೂ ಬಂದರೆ, ಕಾಗದವನ್ನು ಒಂದು ವಾರ ಮನೆಯಲ್ಲಿಟ್ಟುಕೊಂಡು ಓದಿ; ಬಲ್ಲವರಿಗೆ ತೋರಿಸಿ. ‘ಶಾಶ್ವತವಾಗಿ’, ‘ಜಗತ್ತಿನಾದ್ಯಂತ’ ಎಂಬ ಎರಡು ಮಾತು ಎಲ್ಲಿವೆ ಎಂದು ಹುಡುಕಿ. ಹತ್ತಿಯನ್ನು ತೂಕ ಮಾಡಿಸದೆ ಮಾರುವ ರೈತ ಇಲ್ಲ. ಹಾಡನ್ನೂ ಹಾಗೆ ಮಾರಬಾರದು.

ಈ ಕಾಯಿದೆ ನಮ್ಮ ಮೇಲೂ ನಡೆಯುತ್ತದೆ. ಹಳೆಯ ಸಿನಿಮಾ ಹಾಡಿನ ತುಣುಕು ಎತ್ತಿ ನಿಮ್ಮ ತಾಳದಲ್ಲಿ ಸೇರಿಸಿದರೆ, ಯೂಟ್ಯೂಬಿನ ಯಂತ್ರ ಅದನ್ನು ಗುರುತಿಸಿ ನಿಮ್ಮ ಹಾಡಿನ ಆದಾಯವನ್ನು ಮೂಲದ ಒಡೆಯನಿಗೆ ಕಳಿಸಬಲ್ಲದು. ಅದರ ಬದಲು ಓಣಿಯ ಹಲಗೆಯವರನ್ನು, ಡೊಳ್ಳಿನವರನ್ನು ಕರೆದು ಮುದ್ರಿಸಿಕೊಳ್ಳಿ. ಅವರಿಗೆ ಕೂಲಿ ಕೊಡಿ, ಹೆಸರು ಹಾಕಿ. ಕಂಪನಿ ನಮಗೆ ಮಾಡಬಾರದೆಂದು ನಾವು ಹೇಳುವುದನ್ನು ನಾವು ಹಲಗೆಯವನಿಗೆ ಮಾಡಬಾರದು.

ಹಾಗೆಯೇ ತಂಡದೊಳಗಿನ ನ್ಯಾಯ. ತಂಡಗಳು ಒಡೆಯುವುದು ಬಡತನದಲ್ಲಲ್ಲ. ಮೊದಲ ಹಣ ಬಂದ ದಿನ. ಒಬ್ಬ ಬರೆದ, ಒಬ್ಬ ತಾಳ ಕಟ್ಟಿದ, ಇಬ್ಬರು ಹಾಡಿದರು, ಒಬ್ಬನ ಮನೆಯ ಕೋಣೆ, ಒಬ್ಬನ ಪಗಾರದ ಮೈಕು. ಯಾರ ಪಾಲೆಷ್ಟು? ಹಾಡು ಹೊರಬರುವ ಮುಂಚೆಯೇ ಒಂದು ಹಾಳೆಯಲ್ಲಿ ಬರೆದು ಎಲ್ಲರೂ ಸಹಿ ಹಾಕಿ. ಮೈಕು, ಕರೆಂಟು, ಪ್ರಯಾಣ ಎಲ್ಲಕ್ಕೂ ಒಂದು ಕಿರ್ದಿ ಇಡಿ. ಚಾನೆಲಿನ ಪಾಸ್‌ವರ್ಡು ಒಬ್ಬನ ಕಿಸೆಯಲ್ಲಿರದೆ ಇಬ್ಬರಿಗಾದರೂ ತಿಳಿದಿರಲಿ. ಲೆಕ್ಕ ಇಡುವುದು ಅಪನಂಬಿಕೆ ಅಲ್ಲ. ಸ್ನೇಹ ಉಳಿಯುವುದೇ ಲೆಕ್ಕದಿಂದ ಎಂದು ಅಂಗಡಿಯ ಯಾವ ಮಿತ್ರರನ್ನಾದರೂ ಕೇಳಿ.

ಇನ್ನು, ಏನನ್ನು ಹಾಡಬೇಕು? ಕವಿಗೆ ಅಪ್ಪಣೆ ಕೊಡುವುದು ನಮ್ಮ ಕೆಲಸವಲ್ಲ. ಒಂದು ಮಾತನ್ನು ಮಾತ್ರ ಕೇಳಿಕೊಳ್ಳುತ್ತೇವೆ. ನಮ್ಮಲ್ಲಿಲ್ಲದ ಮೋಟಾರು, ಬಂಗಾರದ ಸರ, ಹೆಣ್ಣುಮಕ್ಕಳನ್ನು ಹೀಯಾಳಿಸುವ ಮಾತು ಇವು ಎರವಲು ಸರಕು. ಒಡಿಶಾದ ಕಾಲಾಹಂಡಿಯ ದುಲೇಶ್ವರ ತಾಂಡಿ ಓದಿದ್ದರೂ ಹೊಟ್ಟೆಪಾಡಿಗೆ ರಾಯಪುರದ ಹೋಟೆಲಿನಲ್ಲಿ ದುಡಿದವರು. 2020ರ ಲಾಕ್‌ಡೌನಿನಲ್ಲಿ ವಲಸೆ ಕೂಲಿಗಳ ಸಂಕಟವನ್ನು ಅವರು ರ್‍ಯಾಪ್ ಮಾಡಿದಾಗ ದೇಶ ಕಿವಿಗೊಟ್ಟಿತು. ಮದ್ರಾಸಿನಲ್ಲಿ 2018ರ ಜನವರಿಯಲ್ಲಿ ‘ಕ್ಯಾಸ್ಟ್‌ಲೆಸ್ ಕಲೆಕ್ಟಿವ್’ ಎಂಬ ತಂಡ, ಅಲ್ಲಿನ ಕೊಳೆಗೇರಿಗಳ ಗಾನಾ ಹಾಡನ್ನು ರ್‍ಯಾಪಿನೊಂದಿಗೆ ಬೆರೆಸಿ, ಜಾತಿಯ ವಿರುದ್ಧ ವೇದಿಕೆಯ ಮೇಲೆ ಹಾಡಿತು. ನಮಗೇನು ಕಡಿಮೆ ಇದೆ? 2020ರ ಏಪ್ರಿಲಿನಲ್ಲಿ ನಮ್ಮ ಜಿಲ್ಲೆಯ ಕಟ್ಟಡ ಕೂಲಿ ಹೆಣ್ಣುಮಗಳೊಬ್ಬಳು ಬೆಂಗಳೂರಿನಿಂದ ಊರಿಗೆ ನಡೆದು ಹೊರಟು ಬಳ್ಳಾರಿಯಲ್ಲಿ ಪ್ರಾಣಬಿಟ್ಟಳು. ಗುಳೆ ಹೋಗುವ ಕುಟುಂಬಗಳು, ಹತ್ತಿ ಬಿಡಿಸುವ ಕೈಗಳು, ಎರಡು ನದಿಗಳ ನಡುವೆ ಇದ್ದೂ ಕೊಡ ಹೊರುವ ಓಣಿಗಳು, ಶಕ್ತಿನಗರದಲ್ಲಿ ಕರೆಂಟು ಹುಟ್ಟಿಸಿಯೂ ಕತ್ತಲೆ ಕಂಡ ಊರುಗಳು. ಇದನ್ನು ಬೆಂಗಳೂರಿನವರು ಬಂದು ಹಾಡಲಾರರು. ನಮ್ಮ ಮಾತಿನಲ್ಲಿ, ತೆಲುಗು-ಉರ್ದು ಬೆರೆತ ಈ ಸೀಮೆಯ ಕನ್ನಡದಲ್ಲಿ, ನೀವೇ ಹಾಡಬೇಕು. ಆ ಕೋಣೆಯಲ್ಲಿ ನಿಮ್ಮ ಅಕ್ಕತಂಗಿಯರಿಗೂ ಮೈಕಿನ ಮುಂದೆ ಜಾಗವಿರಬೇಕು. ಕೌದಿ ಕೊಟ್ಟವಳು ಹೊರಗೆ, ಹಾಡುವವನು ಒಳಗೆ ಎಂದಾಗಬಾರದು.

ಎಲ್ಲರ ಮನೆಯಲ್ಲಿಯೂ ಬೇರೆ ಕೋಣೆ ಇಲ್ಲ ಎಂಬುದೂ ನಮಗೆ ಗೊತ್ತು. ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳನ್ನು ಸರಕಾರ ‘ಅರಿವು ಕೇಂದ್ರ’ ಎಂದು ಕರೆದಿದೆ. ಸಂಜೆ ಎರಡು ತಾಸು ಅಲ್ಲೊಂದು ಮೂಲೆ ಕೊಡಿ ಎಂದು ಪಂಚಾಯಿತಿಗೆ ಅರ್ಜಿ ಹಾಕೋಣ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ರಸ್ತೆ-ಕಟ್ಟಡಕ್ಕೆ ಹಣ ಕೊಡುತ್ತದೆ. ಹೋಬಳಿಗೊಂದು ಧ್ವನಿಮುದ್ರಣ ಕೋಣೆಗೂ ಕೊಡಲಿ ಎಂದು ಕೇಳೋಣ. ಕೇಳುವುದು ಭಿಕ್ಷೆಯಲ್ಲ.

ತಂದೆಯರಿಗೆ ಕೊನೆಯ ಮಾತು. ಮಗನ ಹಾಡು ನಿಮಗೆ ಹಿಡಿಸದಿದ್ದರೆ ಹಿಡಿಸಲಿಲ್ಲ ಎಂದು ಹೇಳಿ. ಆದರೆ ಅವನು ಸಹಿ ಹಾಕುವ ಕಾಗದವನ್ನು ಅವನ ಜೊತೆ ಕುಳಿತು ಓದಿ. ಗಿರಣಿಯಲ್ಲಿ ಎಷ್ಟೋ ಕಾಗದಕ್ಕೆ ಓದದೆ ಹೆಬ್ಬೆಟ್ಟು ಒತ್ತಿದ ತಲೆಮಾರು ನಮ್ಮದು. ಅದರ ನಷ್ಟ ಏನೆಂದು ನಿಮಗಿಂತ ಚೆನ್ನಾಗಿ ಬಲ್ಲವರು ಯಾರೂ ಇಲ್ಲ. ತರುಣರಿಗೆ ಕೊನೆಯ ಮಾತು: ಬರುವ ಹಾಡಿಗೆ ಕೂಡುವ ಮುಂಚೆ, ಈಗಾಗಲೇ ಮಾಡಿದ ಹಾಡುಗಳ ಪಟ್ಟಿ ತೆಗೆಯಿರಿ. ಬರೆದವರಾರು, ತಾಳ ಕಟ್ಟಿದವರಾರು, ಹಾಡಿದವರಾರು, ತಾರೀಖು ಯಾವುದು ಎಂದು ಒಂದೊಂದಕ್ಕೂ ಬರೆದಿಡಿ. ಈ ರಾತ್ರಿಯೇ ಆ ಕೆಲಸ ಆಗಲಿ.